ಗೋಡೆಯ ಪಕ್ಕದ ಗುಂಡಿ

ಹಿತ್ತಾಳೆಯ ಬಿಲ್ಲೆ ಮೇಜಿನ ಮೇಲೆ ಬಿದ್ದು, ಉರುಳಿ, ಸ್ನಾನಗೃಹದ ನಿರ್ದೇಶಕ ಲಾಂಗರ್ ಅವರ ಕಾಫಿ ಬಟ್ಟಲಿಗೆ ತಗುಲಿ ಮಲಗಿತು.

"ಏನಿದು, ಹೇಳಿ," ಎಂದ ಬೆರ್ತಲನ್ ಕೆಲೆಮೆನ್.

"ಸ್ನಾನದ ಬಿಲ್ಲೆ. ಬಾಗಿಲಲ್ಲಿ ದುಡ್ಡು ಕೊಟ್ರೆ ಕೊಡ್ತಾರೆ. ಲಿಂಡೆನ್‌ಬಾಡ್‌ನಲ್ಲಿ ಮಗುವಿಗೂ ಗೊತ್ತಿರೋ ವಿಷಯ. ಕೂತ್ಕೊಳ್ಳಿ ಮಾಸ್ಟರ್. ಕೂಗಾಡೋ ಅಗತ್ಯ ಇಲ್ಲ."

"ನಾಫ್ತಾಲಿ ಶೋರ್ ಕೋಟಿನ ಜೇಬಲ್ಲಿ ಸಿಕ್ತು."

"ಸ್ನಾನದ ಮನೇಲಿ ಸತ್ತವನ ಜೇಬಲ್ಲಿ ಸ್ನಾನದ ಬಿಲ್ಲೆ ಸಿಗದೆ ನಾಟಕದ ಟಿಕೆಟ್ ಸಿಗುತ್ತಾ?"

ಮೂಲೆಯ ಕುರ್ಚಿಯಲ್ಲಿದ್ದ ಪೊಲೀಸ್ ಕಮಿಷನರ್ ಕಾಲಿನಾ ಬಂದ ನಗುವನ್ನು ಮೀಸೆಯೊಳಗೇ ಅಡಗಿಸಿಕೊಂಡ. ಅದು ಕೆಲೆಮೆನ್ ಕಣ್ಣಿಗೆ ಬಿತ್ತು. ಅವನ ಕಿವಿ ಬಿಸಿಯಾಯಿತು.

ನಿನ್ನೆ, ಶನಿವಾರ ಬೆಳಿಗ್ಗೆ, ಲಾಂಗರ್ ನಡೆಸುತ್ತಿದ್ದ ಚದುರಂಗ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಶೋರ್ ಸ್ನಾನಗೃಹದ ಅನಿಲದ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಬುಗ್ಗೆಯಿಂದ ಏಳುವ ಭಾರದ ಅನಿಲ ಆ ಕೋಣೆಯಲ್ಲಿ ಸೊಂಟದ ಮಟ್ಟಕ್ಕೆ ನಿಲ್ಲುತ್ತದೆ. ಕೀಲುನೋವಿನವರು ಅದರಲ್ಲಿ ಕತ್ತು ಮೇಲಿಟ್ಟುಕೊಂಡು ಕೂರುತ್ತಾರೆ. ಗಾಳಿಕಿಂಡಿ ಮುಚ್ಚಿದರೆ ಅದೇ ಅನಿಲ ಮೂಗಿನ ತನಕ ಏರಿ, ಕೂತವನನ್ನು ಸದ್ದಿಲ್ಲದೆ ಮುಗಿಸುತ್ತದೆ. ಕಿಂಡಿ ಮುಚ್ಚಿತ್ತು.

"ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶೋರ್ ದುಡ್ಡು ಮುಟ್ಟೋನಲ್ಲ," ಎಂದ ಕೆಲೆಮೆನ್. "ಯಹೂದಿಗಳ ಶಬ್ಬತ್ ಶುರುವಾದ್ರೆ, ಶನಿವಾರ ಕತ್ತಲಾಗೋ ತನಕ, ಜೇಬಲ್ಲಿ ಕರವಸ್ತ್ರ ಕೂಡ ಇಟ್ಕೊಳ್ತಿರ್ಲಿಲ್ಲ. ಮಣಿಕಟ್ಟಿಗೆ ಸುತ್ಕೊಳ್ತಿದ್ದ. ನಮ್ಮಜ್ಜನೂ ಹಾಗೇ ಮಾಡ್ತಿದ್ರು. ಈ ಬಿಲ್ಲೆ ಕೊಂಡವನು ಅವನಲ್ಲ. ಯಾರೋ ತಂದು ಹೆಣದ ಜೇಬಿಗೆ ಹಾಕಿದ್ದಾರೆ. ಅವನ ಪದ್ಧತಿ ಗೊತ್ತಿಲ್ಲದೆ ಹಾಕಿದ್ನೋ, ಗಾಬರೀಲಿ ಮರೆತು ಹಾಕಿದ್ನೋ, ಅದು ಬೇರೆ ಮಾತು."

"ಸಾಯೋಕೆ ಹೊರಟವನಿಗೆ ಶಬ್ಬತ್ ಏನು, ಸಂತೆ ದಿನ ಏನು?" ಲಾಂಗರ್ ಬಿಲ್ಲೆಯನ್ನು ಬೆರಳ ತುದಿಯಿಂದ ಆಚೆ ತಳ್ಳಿದರು. ಗಡ್ಡ ಬೋಳಿಸಿದ, ನುಣುಪು ಗಲ್ಲದ, ಅಚ್ಚುಕಟ್ಟಾದ ಮನುಷ್ಯ. ಮಾತು ಯಾವಾಗಲೂ ಮೆಲ್ಲಗೆ, ಆಸ್ಪತ್ರೆಯಲ್ಲಿ ಆಡಿದ ಹಾಗೆ. "ಮೊದಲ ಸ್ಥಾನದಲ್ಲಿದ್ದ. ಶುಕ್ರವಾರದ ಆಟ ಅರ್ಧಕ್ಕೆ ನಿಂತಾಗ ಕೈಬಿಟ್ಟು ಹೋಗ್ತಿದೆ ಅಂತ ಗೊತ್ತಾಯ್ತು. ಎದೆಗುಂದಿದ. ಚದುರಂಗದೋರ ನರಗಳ ಬಗ್ಗೆ ನಾನು ನಿಮಗೆ ಹೇಳಬೇಕಾ?"

"ಕೈಬಿಟ್ಟು ಹೋಗ್ತಿತ್ತು ಅಂತ ಹೇಳಿದ್ದು ಯಾರು?"

"ಎದುರಾಳಿ. ಡಾಕ್ಟರ್ ಫೆಲ್ಡ್‌ಹೌಸ್. ಎರಡನೇ ಸ್ಥಾನದಲ್ಲಿರೋರು. ನಿಮ್ಮ ಹಾಗೆ ಪಟ್ಟಿಯ ಬುಡದಲ್ಲಿ ಕೂತವರಲ್ಲ."

ಕೆಲೆಮೆನ್ ಬುಡದಲ್ಲಿದ್ದದ್ದು ನಿಜ. ಆ ಕಾರಣಕ್ಕೇ ಕಾಲಿನಾ ಅವನನ್ನು ಈ ತನಿಖೆಗೆ ಎಳೆದದ್ದು. ನಿಯಮ ಹೀಗಿತ್ತು: ತನ್ನ ಪಾಲಿನ ಅರ್ಧದಷ್ಟು ಆಟ ಮುಗಿಸುವ ಮೊದಲೇ ಯಾರಾದರೂ ಹೊರಬಿದ್ದರೆ, ಅವನಾಡಿದ ಆಟಗಳೆಲ್ಲ ರದ್ದು. ಅರ್ಧ ಮುಗಿಸಿದ್ದರೆ ಆಡಿದ್ದು ಉಳಿಯುತ್ತದೆ. ಶೋರ್‌ಗೆ ಅರ್ಧ ತುಂಬಲು ಫೆಲ್ಡ್‌ಹೌಸ್ ಜೊತೆಗಿನ ಆ ನಿಂತ ಆಟವೊಂದೇ ಬಾಕಿ ಇತ್ತು. ಅದು ಮುಗಿಯದೆ ಅವನು ಸತ್ತದ್ದರಿಂದ ಎಲ್ಲವೂ ಅಳಿಸಿಹೋಯಿತು. ಅವನ ಕೈಲಿ ಸೋತಿದ್ದ ಮಾಸ್ಟರುಗಳೆಲ್ಲ ಒಂದೇ ದಿನದಲ್ಲಿ ಮೇಲೆದ್ದರು. ನಷ್ಟವಾದದ್ದು ಒಬ್ಬನಿಗೆ. ಶೋರ್‌ನನ್ನು ಸೋಲಿಸಿದ್ದ ಒಬ್ಬನೇ ಒಬ್ಬನಿಗೆ, ಈ ಪಂದ್ಯಾವಳಿಯಲ್ಲಿ ಅದೊಂದೇ ಗೆಲುವು ಕಂಡಿದ್ದ ಕೆಲೆಮೆನ್‌ಗೆ.

"ಇಲ್ಲಿ ಈ ಸಾವಿಂದ ಏನೂ ಗಿಟ್ಟದವರು ನೀವೊಬ್ಬರೇ," ಎಂದಿದ್ದ ಕಾಲಿನಾ. "ಆದ್ದರಿಂದ ನಾನು ನಂಬೋದೂ ನಿಮ್ಮೊಬ್ಬರನ್ನೇ."

ಹೊಗಳಿಕೆಯೋ ಅಣಕವೋ ಕೆಲೆಮೆನ್‌ಗೆ ಇನ್ನೂ ತಿಳಿದಿರಲಿಲ್ಲ.

"ಕಮಿಷನರ್ ಸಾಹೇಬ್ರೇ," ಲಾಂಗರ್ ಕಾಲಿನಾ ಕಡೆ ತಿರುಗಿದರು, "ನಮ್ಮ ಸ್ನಾನಗೃಹದ ವೈದ್ಯರು ಆತ್ಮಹತ್ಯೆ ಅಂತ ಬರೆದಾಗಿದೆ. ನಿಮ್ಮ ರುಜು ಒಂದು ಬಾಕಿ. ನಾಳೆ ಆಟ ಮತ್ತೆ ಶುರುವಾಗಬೇಕು. ಅನಿಲದ ಕೋಣೆಗೆ ಇವತ್ತೂ ಜನ ಬಂದಿಲ್ಲ. ಅದು ತಾನಾಗಿ ಕೊಲ್ಲುತ್ತೆ ಅಂತ ಊರೆಲ್ಲ ಗುಲ್ಲು. ಕೋಣೆ ಕೊಲ್ಲಲಿಲ್ಲ, ಆ ಮನುಷ್ಯ ಬೇಕಂತಲೇ ಕಿಂಡಿ ಮುಚ್ಚಿಕೊಂಡ ಅಂತ ಎಲ್ಲರಿಗೂ ತಿಳೀಬೇಕು."

"ಓಹೋ, ಕೋಣೆ ಮಾನ ಉಳಿಸೋಕೆ ಹೆಣದ ಮಾನ ತೆಗೀತೀರಿ!" ಕೆಲೆಮೆನ್ ಮೇಜಿಗೆ ಗುದ್ದಿದ. ಕಾಫಿ ಚೆಲ್ಲಿತು. "ಅವನ ಅಕ್ಕ ಬೆಳಗಿನಿಂದ ನಿಮ್ಮ ತೋಟದಲ್ಲಿ ನಿಂತಿದ್ದಾಳೆ. ಅವಳನ್ನ ಒಳಗೆ ಕರೆದು, ಮುಖ ನೋಡಿ ಇದೇ ಮಾತು ಹೇಳಿ ನೋಡೋಣ."

"ಆ ಹೆಂಗಸನ್ನ ಒಳಗೆ ಬಿಡಕೂಡದು." ಲಾಂಗರ್ ಕರವಸ್ತ್ರದಿಂದ ಕಾಫಿ ಒರೆಸತೊಡಗಿದರು. "ಅಳೋರನ್ನ ನೋಡೋಕೆ ನನ್ನಿಂದ ಆಗಲ್ಲ. ಗುಮಾಸ್ತರ ಹತ್ರ ಮಾತಾಡ್ಲಿ."

ಕಾಲಿನಾ ಎದ್ದ. ಬಾಗಿಲ ತನಕ ಕೆಲೆಮೆನ್ ಜೊತೆ ಬಂದು, ತಗ್ಗಿದ ದನಿಯಲ್ಲಿ ಹೇಳಿದ: "ಮಣ್ಣು ಮಾಡೋ ತನಕ ರುಜು ಹಾಕದೆ ತಡೀತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ ಮಾಸ್ಟರ್. ಈ ಊರಲ್ಲಿ ನಾನು ಬರೀ ಪೊಲೀಸು. ಆತ ಲಾಂಗರ್."

* * *

ಶೋರ್ ಅಕ್ಕ ಬ್ಲೂಮಾ ತೋಟದ ಲಿಂಡೆನ್ ಮರದ ಕೆಳಗೆ ನಿಂತಿದ್ದಳು. ಪಕ್ಕದಲ್ಲೇ ಬೆಂಚಿದ್ದರೂ ಕೂತಿರಲಿಲ್ಲ. ಕೊಕ್ಕಿನಂಥ ಮೂತಿಯ ಬಟ್ಟಲು ಹಿಡಿದು ಬುಗ್ಗೆಯ ನೀರು ಹೀರುತ್ತಾ ಅಡ್ಡಾಡುವ ಶ್ರೀಮಂತರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ವಿಯೆನ್ನಾದ ಗರಿ ಅಂಗಡಿಯೊಂದರಲ್ಲಿ ದಿಂಬಿಗೆ ಗರಿ ಆರಿಸುವ ಕೆಲಸ ಅವಳದು. ತಂತಿ ನಿನ್ನೆಯೇ ತಲುಪಿತ್ತು. ಶಬ್ಬತ್ ಕಳೆದ ಮೇಲೆ ರೈಲು ಹತ್ತಿ ಬೆಳಿಗ್ಗೆ ಬಂದಿಳಿದಿದ್ದಳು.

"ಏನಂದ್ರು ರೆಬ್ ಕ್ಲೈನ್?" ತಮ್ಮವರಿಗೆ ಹೇಳುವ ಹಾಗೆ 'ರೆಬ್' ಸೇರಿಸಿ ಗೌರವದಿಂದ ಕೇಳಿದಳು.

"ಕೆಲೆಮೆನ್, ತಾಯೀ."

"ನನ್ನ ತಮ್ಮ ಕ್ಲೈನ್ ಅಂತಾನೇ ಅಂತಿದ್ದ. ಹೆಸರು ಬದಲಾಯಿಸಿದ್ರೂ ಆಟ ಬದಲಾಯಿಸದ ಪುಣ್ಯಾತ್ಮ ಅಂತ."

ಕೆಲೆಮೆನ್‌ಗೆ ರೇಗಬೇಕಿತ್ತು. ರೇಗಲಿಲ್ಲ. ಇದೇ ಮಾತನ್ನು ಶೋರ್ ಊಟದ ಮೇಜಿನಲ್ಲಿ ಅವನ ಮುಖಕ್ಕೇ ಹೇಳಿದ್ದ. ಅವತ್ತು ಇಬ್ಬರೂ ಜಗಳಾಡಿ ಅರ್ಧ ಊಟಕ್ಕೇ ಎದ್ದಿದ್ದರು. ಮರುದಿನ ಕೆಲೆಮೆನ್ ಅವನನ್ನು ಸೋಲಿಸಿದ. ಸೋತ ಶೋರ್ ಎದ್ದು ನಿಂತು, ನಗುತ್ತಾ, ಎರಡೂ ಕೈಯಿಂದ ಅವನ ಕೈ ಕುಲುಕಿದ್ದ.

"ಆತ್ಮಹತ್ಯೆ ಅಂತಾರೆ," ಎಂದ.

ಬ್ಲೂಮಾ ಅಳಲಿಲ್ಲ. ಅವಳ ದವಡೆ ಬಿಗಿಯಿತು.

"ಸ್ಮಶಾನದ ಗೋಡೆ ಪಕ್ಕ ಗುಂಡಿ ತೋಡ್ತಿದ್ದಾರೆ, ಗೊತ್ತಾ? ನೋಡ್ಕೊಂಡು ಬಂದೆ. ಪ್ರಾರ್ಥನಾ ಮಂದಿರದ ಹಿರಿಯ, ಆ ಜಲ್ಮನ್, ಹೇಳ್ತಾನೆ: 'ಕಾಗದದಲ್ಲಿ ಏನು ಬರೆದಿದೆಯೋ ನಾವು ಅದನ್ನೇ ನಂಬಬೇಕು ತಂಗೀ. ತನ್ನ ಜೀವ ತಾನೇ ತೆಗೆದುಕೊಂಡೋರಿಗೆ ಎಲ್ಲರ ಜೊತೆ ಜಾಗ ಇಲ್ಲ.' ಅಪ್ಪ ಅಮ್ಮ ಇಲ್ಲದ ಹುಡುಗ. ಗರಿ ಆರಿಸಿ ಆರಿಸಿ ಸಾಕಿದ್ದೀನಿ. ಅವನನ್ನ ಕಸದ ಹಾಗೆ ಗೋಡೆ ಬುಡಕ್ಕೆ ತಳ್ತಾರಂತೆ. ನಾನು ಆ ಗುಂಡಿಯೊಳಗೆ ಹೋಗಿ ಕೂತ್ಕೋತೀನಿ. ಮೊದಲು ನನ್ನ ಮೇಲೆ ಮಣ್ಣು ಹಾಕ್ಲಿ."

"ನೋಡಮ್ಮ..."

"ಗೆಲ್ತಾ ಇದ್ದೋನು ಯಾಕ್ರೀ ಸಾಯ್ತಾನೆ? ನೀವು ಆ ಆಟ ಬಲ್ಲೋರು. ನೀವು ಹೇಳಿ."

ಕೆಲೆಮೆನ್ ಟೋಪಿಯನ್ನು ತಲೆಗೊತ್ತಿಕೊಂಡು, ಬಂದ ದಾರಿಯಲ್ಲೇ ದುಡುದುಡು ಹೆಜ್ಜೆ ಹಾಕಿದ.

* * *

ಆಟದ ದೊಡ್ಡ ಸಭಾಂಗಣಕ್ಕೆ ಭಾನುವಾರ ರಜೆ. ಮೇಜುಗಳೆಲ್ಲ ಖಾಲಿ. ನಡುವಿನ ಒಂದು ಮೇಜಿಗೆ ಮಾತ್ರ ಸುತ್ತಲೂ ಹಗ್ಗ ಕಟ್ಟಿತ್ತು. ಅದರ ಮೇಲೆ ಶುಕ್ರವಾರ ನಿಂತ ಆಟ ಹಾಗೇ ಇತ್ತು.

ಹಗ್ಗದೊಳಗೆ ಒಬ್ಬ ಮನುಷ್ಯ ಬೆನ್ನು ಹಾಕಿ ನಿಂತಿದ್ದ. ನೆಟ್ಟಗಿನ ಬೆನ್ನು, ಗಂಜಿ ಹಾಕಿದ ಕಾಲರು, ಬದಿಯಿಂದ ಕಾಣುವ ಎಡಗೆನ್ನೆಯ ಮೇಲೆ ಕಾಲೇಜು ದಿನಗಳ ಕತ್ತಿಕಾಳಗದ ಗಾಯದ ಗೆರೆ. ಡಾಕ್ಟರ್ ಕುನೋ ಫೆಲ್ಡ್‌ಹೌಸ್.

"ರಜೆ ದಿನ ಬಂದು ನೋಡ್ತಿದ್ದೀರಲ್ಲ," ಎಂದ ಕೆಲೆಮೆನ್. "ನಿಮ್ಮ ಗೆಲುವು ಅಷ್ಟು ಚೆನ್ನಾಗಿದೆಯಾ?"

ಫೆಲ್ಡ್‌ಹೌಸ್ ಬೆಚ್ಚಿದ. ಕೂಡಲೇ ಸಾವರಿಸಿಕೊಂಡ. "ಪೊಲೀಸರ ಬೇಟೆನಾಯಿ ಬಂತು. ಕಾಯಿ ನಡೆಸೋಕೆ ಬಾರದೆ ಇದ್ರೆ ಏನಾದ್ರೂ ಒಂದು ಉದ್ಯೋಗ ಬೇಕಲ್ಲ."

ಕೆಲೆಮೆನ್ ಹಗ್ಗ ದಾಟಿ ಒಳಗೆ ಬಂದ. ಬಿಳಿಯ ಕಡೆ, ಶೋರ್ ಕೂತಿದ್ದ ಕುರ್ಚಿಯನ್ನು ಎಳೆದು ಕೂತ.

"ಕೂತ್ಕೊಳ್ಳಿ ಡಾಕ್ಟರ್."

"ನಿಮ್ಮ ಜೊತೆ ಆಡೋಕೆ ನನಗೆ ಪುರುಸೊತ್ತಿಲ್ಲ."

"ಕೂತ್ಕೊಳ್ಳಿ ಅಂದೆ!" ದನಿ ಸಭಾಂಗಣದ ತಾರಸಿಗೆ ಬಡಿದು ವಾಪಸು ಬಂತು. "ಈ ಆಟ ಶೋರ್ ಕೈಬಿಟ್ಟಿತ್ತು ಅಂತ ಲಾಂಗರ್‌ಗೆ ಹೇಳಿದ್ರಂತೆ. ಆ ಮಾತಿನ ಮೇಲೆ ಅಲ್ಲೊಂದು ಗುಂಡಿ ತೋಡ್ತಿದ್ದಾರೆ. ಹೇಗೆ ಕೈಬಿಟ್ಟಿತ್ತು, ತೋರ್ಸಿ. ಕಪ್ಪು ನಿಮ್ಮದು. ಬಿಳಿ ನನ್ನದು. ಪಟ್ಟಿಯ ಬುಡದಲ್ಲಿರೋ ನನ್ನನ್ನ ಇದರಲ್ಲಿ ಸೋಲ್ಸಿ."

ಫೆಲ್ಡ್‌ಹೌಸ್ ಕೂರಲಿಲ್ಲ. ನಿಂತುಕೊಂಡೇ ಕಪ್ಪು ಆನೆಯನ್ನು ಒಂದು ಮನೆ ಸರಿಸಿದ.

ಕೆಲೆಮೆನ್ ಕಾಲಾಳನ್ನು ಮುಂದೆ ನೂಕಿದ. ಬಿಳಿಯ ಎರಡು ಕಾಲಾಳುಗಳು ಹೆಗಲಿಗೆ ಹೆಗಲು ಕೊಟ್ಟುಕೊಂಡು ಅಂಚಿನ ಕಡೆ ನಡೆದಿದ್ದವು. ಅವನ್ನು ತಡೆಯಬೇಕಿದ್ದ ಕಪ್ಪು ಆನೆ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಫೆಲ್ಡ್‌ಹೌಸ್ ರಾಜನನ್ನು ತಂದ. ಕೆಲೆಮೆನ್ ಎರಡನೆಯ ಕಾಲಾಳನ್ನು ನೂಕಿದ. ಫೆಲ್ಡ್‌ಹೌಸ್ ಕೈ ಆನೆಯ ಮೇಲೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು.

"ಆಡಿ."

ಫೆಲ್ಡ್‌ಹೌಸ್ ಆಡಲಿಲ್ಲ.

"ಆಡಿ ಡಾಕ್ಟರ್. ಯಾಕೆ, ಬೆವರ್ತಿದ್ದೀರಿ? ನನ್ನಂಥ ದಡ್ಡನಿಗೂ ಇದು ಕಾಣ್ತಿದೆ. ಶುಕ್ರವಾರ ಶೋರ್‌ಗೆ ಕಂಡಿರಲಿಲ್ವಾ? ನಿಮಗೆ ಕಂಡಿರಲಿಲ್ವಾ? ಕೈಬಿಟ್ಟು ಹೋಗ್ತಿದ್ದದ್ದು ಯಾರ ಆಟ? ಸೋಮವಾರ ಇದನ್ನ ಮುಂದುವರಿಸಿದ್ರೆ ಊರಿನವರ ಮುಂದೆ ಸೋಲ್ತಿದ್ರಿ, ಮೊದಲ ಸ್ಥಾನ ಕೈಗೆ ಸಿಗ್ತಿರ್ಲಿಲ್ಲ. ಅವನು ಸತ್ತ, ನಿಮ್ಮ ಸೋಲೂ ಸತ್ತಿತು. ಬಿಲ್ಲೆ ಕೊಂಡಿದ್ದು ನೀವೇ ಅಲ್ವಾ? ಕಿಂಡಿ ಮುಚ್ಚಿದ್ದೂ ನೀವೇ!"

ಫೆಲ್ಡ್‌ಹೌಸ್ ಮುಖ ಕೆಂಪಾಗಿ, ಗಾಯದ ಗೆರೆ ಮಾತ್ರ ಬಿಳಿಚಿಕೊಂಡು ಎದ್ದು ಕಾಣಿಸಿತು. ಅವನು ಅಂಗೈ ಬೀಸಿದ. ಕಾಯಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

"ನಾನು ಶುಕ್ರವಾರವೇ ಸೋಲೊಪ್ಪಿಕೊಂಡೆ ಕಣಯ್ಯಾ!"

ಒಂದು ಕಾಲಾಳು ಉರುಳಿಕೊಂಡು ಹೋಗಿ ಗೋಡೆಗೆ ತಾಗಿತು.

"ಏನಂದ್ರಿ?"

"ಕಿವಿ ಕೇಳಲ್ವಾ? ಶುಕ್ರವಾರ. ಸೂರ್ಯ ಮುಳುಗೋ ಮುಂಚೆ. ಕಂಬಸಾಲಿನ ಕೆಳಗೆ, ಅವನ ಕೈ ಕುಲುಕಿ, ಸೋತೆ ಅಂತ ಹೇಳಿದೆ. ಅಲ್ಲಿಂದ ನೇರ ಲಾಂಗರ್ ಹತ್ರ ಹೋಗಿ ಅವರಿಗೂ ತಿಳಿಸಿದೆ. ನಾನು ಅವನಂಥೋರ ಜೊತೆ ಊಟಕ್ಕೆ ಕೂರೋನಲ್ಲ, ನಿಜ. ಅವನ ಗಡ್ಡ ನನಗೆ ಹಿಡಿಸ್ತಿರ್ಲಿಲ್ಲ, ಅದೂ ನಿಜ. ಆದ್ರೆ ಆಟದ ಮಾತಲ್ಲಿ ನಾನು ಯಾವತ್ತೂ ಸುಳ್ಳು ಹೇಳಿಲ್ಲ."

"ಹಾಗಾದ್ರೆ ನಿನ್ನೆಯಿಂದ ನಿಮ್ಮ ಬಾಯಿಗೆ ಏನಾಗಿತ್ತು?"

ಫೆಲ್ಡ್‌ಹೌಸ್ ಕುರ್ಚಿಗೆ ಕುಸಿದ. ಬೆನ್ನು ಮೊದಲ ಸಲ ಬಾಗಿತು.

"ಲಾಂಗರ್ ಕರೆಸಿದ್ರು. 'ನಾನಿನ್ನೂ ಪ್ರಕಟಿಸಿಲ್ಲ ಡಾಕ್ಟರ್. ಪ್ರಕಟಿಸದ್ದು ಆಗಿಯೇ ಇಲ್ಲ. ಆಟ ಅವನ ಕೈಬಿಟ್ಟಿತ್ತು ಅಂತ ನಾನು ಹೇಳ್ತೀನಿ, ನೀವು ಸುಮ್ಮನಿದ್ರೆ ಸಾಕು' ಅಂದ್ರು. ಸುಮ್ಮನಿದ್ದೆ."

"ಮೊದಲ ಸ್ಥಾನಕ್ಕೋಸ್ಕರ."

"ಹೌದು! ಮೊದಲ ಸ್ಥಾನಕ್ಕೋಸ್ಕರ. ಬೆಳಿಗ್ಗೆಯಿಂದ ಇಲ್ಲೇ ನಿಂತು ಅದನ್ನೇ ನೋಡ್ಕೊಂಡಿದ್ದೀನಿ, ಆಯ್ತಾ? ಇನ್ನೇನು ಬೇಕು ನಿಮಗೆ?"

"ಹೆಣದ ಕೈಯಿಂದ ಗೆಲುವು ಕಿತ್ಕೊಂಡ್ರಿ. ಅದೂ ಸಾಲದು ಅಂತ ಅವನು ಸೋಲ್ತಾ ಇದ್ದ, ಹೇಡಿ ಹಾಗೆ ಸತ್ತ ಅಂತ ಊರೆಲ್ಲ ಸಾರೋಕೆ ಬಿಟ್ರಿ." ಕೆಲೆಮೆನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಏಳಿ. ಸ್ಮಶಾನಕ್ಕೆ ನಡೀರಿ. ಈಗಲೇ. ಗೆದ್ದವನು ಯಾಕೆ ಸಾಯ್ತಾನೆ ಅಂತ ಅವನ ಅಕ್ಕ ಕೇಳಿದ್ಲು. ಎಲ್ಲರೆದುರಿಗೆ ನೀವು ಉತ್ತರ ಹೇಳಿ. ಅವನು ಗೆದ್ದಿದ್ದ ಅಂತ ತಿಳಿದ್ರೆ ಆತ್ಮಹತ್ಯೆ ಅನ್ನೋ ಕಾಗದ ಒಲೆಗೆ ಹೋಗುತ್ತೆ."

ಫೆಲ್ಡ್‌ಹೌಸ್ ಏಳಲಿಲ್ಲ. ನೆಲದ ಮೇಲಿನ ಕಾಯಿಗಳನ್ನು ನೋಡುತ್ತಾ ಕೂತ.

"ಹೋಗಲ್ಲ," ಎಂದ ನಿಧಾನವಾಗಿ. "ನಿಮಗೆ ಇನ್ನೂ ಪೂರ್ತಿ ಗೊತ್ತಿಲ್ಲ. ನಾನಾಗಿ ಸೋಲೊಪ್ಪಿಕೊಳ್ಳೋಕೆ ಹೋಗಿರಲಿಲ್ಲ. ಅವನೇ ನನ್ನ ತಡೆದು ನಿಲ್ಲಿಸಿದ. 'ಡಾಕ್ಟರ್, ಈ ಆಟ ಮುಗಿದಿದೆ ಅಂತ ನಿಮಗೂ ಗೊತ್ತು. ಒಪ್ಪಿಕೊಳ್ಳೋದಾದ್ರೆ ಇವತ್ತೇ ಒಪ್ಪಿಕೊಳ್ಳಿ, ಬಿಸಿಲಿರೋವಾಗಲೇ. ನಾಳೆ ರಾತ್ರಿ ನಾನು ಇಲ್ಲಿರೋದಿಲ್ಲ' ಅಂದ."

ಕೆಲೆಮೆನ್ ಬಾಗಿಲ ಕಡೆ ಇಟ್ಟ ಹೆಜ್ಜೆ ಹಿಂದೆಗೆದ.

"ಇರೋದಿಲ್ಲ ಅಂದ್ರೆ?"

"ಅಷ್ಟೇ ಅಂದ. ಹಾಗನ್ನೋವಾಗ ಕಣ್ಣಲ್ಲಿ ನೀರಿತ್ತು. ನನಗೆ ಅವಮಾನ ಆಯ್ತು. ಕೋಪದಲ್ಲಿ ಲಾಂಗರ್ ಹತ್ರ ಹೋಗಿ ಈ ಮಾತನ್ನೂ ದೂರಿನ ಹಾಗೆ ಹೇಳಿದೆ. ಈಗ ಹೇಳಿ, ಇದು ಸಾಯೋಕೆ ಹೊರಟವನ ಮಾತಲ್ವಾ? ಲೆಕ್ಕ ಚುಕ್ತಾ ಮಾಡ್ಕೊಂಡು ಹೊರಡೋನ ಮಾತು." ಫೆಲ್ಡ್‌ಹೌಸ್ ತಲೆ ಎತ್ತಿದ. "ನಿಮಗೆ ಬೇಕಾದ ಅರ್ಧ ಹೇಳಿ, ಬೇಡದ ಅರ್ಧ ನುಂಗೋಕೆ ನಾನು ತಯಾರಿಲ್ಲ. ಸುಮ್ಮನಿರು ಅಂದ್ರೆ ಸುಮ್ಮನಿರ್ತೀನಿ. ಬಾಯಿ ಬಿಡು ಅಂದ್ರೆ ಎರಡನ್ನೂ ಹೇಳ್ತೀನಿ. ನೀವೇ ಆರಿಸ್ಕೊಳ್ಳಿ, ಮಾಸ್ಟರ್ ಕೆಲೆಮೆನ್."

ಒಂದು ಮಾತಿನಿಂದ ಶೋರ್‌ಗೆ ಅವನ ಗೆಲುವು ಸಿಗುತ್ತಿತ್ತು. ಅದರ ಜೊತೆಗೇ ಬರುವ ಇನ್ನೊಂದು ಮಾತು ಅವನನ್ನು ಗೋಡೆಯ ಬುಡಕ್ಕೆ ನೂಕುತ್ತಿತ್ತು. ಮರೆಮಾಚಿದರೆ ತನಗೂ ಲಾಂಗರ್‌ಗೂ ಏನು ವ್ಯತ್ಯಾಸ? ಕೆಲೆಮೆನ್ ಹಲ್ಲು ಕಚ್ಚಿ ಬೈದ. ಯಾರನ್ನು ಬೈದದ್ದೆಂದು ಅವನಿಗೇ ಗೊತ್ತಿರಲಿಲ್ಲ.

"ನಡೀರಿ," ಎಂದ. "ಆರಿಸೋದು ನಾನಲ್ಲ."

* * *

ಪುಟ್ಟ ಸ್ಮಶಾನ. ಕಲ್ಲಿನ ಗೋಡೆ, ಕಬ್ಬಿಣದ ಗೇಟು. ಮಾಸ್ಟರುಗಳು ಕಪ್ಪು ಕೋಟು ತೊಟ್ಟು ಒಂದು ಕಡೆ ಗುಂಪಾಗಿ ನಿಂತಿದ್ದರು. ಬಿಳಿ ಬಟ್ಟೆ ಹೊದಿಸಿದ ಶವ ಹಲಗೆಯ ಮೇಲಿತ್ತು. ಹಿರಿಯ ಜಲ್ಮನ್ ಏನೂ ತೋಚದೆ ಗಡ್ಡ ನೀವಿಕೊಳ್ಳುತ್ತಿದ್ದ.

ಹೇಳಿದ ಹಾಗೇ ಬ್ಲೂಮಾ ಗುಂಡಿಯೊಳಗೆ ಇಳಿದು ಕೂತಿದ್ದಳು. ತಲೆಗೆ ಕಟ್ಟಿದ ಬಟ್ಟೆಯಷ್ಟೇ ಮೇಲಿನವರಿಗೆ ಕಾಣುತ್ತಿತ್ತು.

"ಎದ್ದು ಬಾ ತಂಗೀ," ಜಲ್ಮನ್ ಗೋಗರೆದ. "ಸತ್ತವನನ್ನ ಹೀಗೆ ಕಾಯಿಸೋದು ಪಾಪ."

"ಪಾಪದ ಲೆಕ್ಕ ನಿಮ್ಮದು. ನಂದು ಇಲ್ಲಿ."

ಕಾಲಿನಾ ಒಂದು ಬದಿಯಲ್ಲಿ ನಿಂತಿದ್ದ. ರುಜು ಹಾಕದ ಕಾಗದ ಅವನ ಕೈಯಲ್ಲೇ ಇತ್ತು. ಆಗ ಗೇಟಿನ ಹೊರಗೆ ಸಾರೋಟು ಬಂದು ನಿಂತಿತು. ಮಾಸ್ಟರುಗಳೆಲ್ಲ ಬಂದ ಮೇಲೆ ನಿರ್ದೇಶಕರು ಬಾರದಿದ್ದರೆ ಪತ್ರಿಕೆಯವರು ಬರೆಯುತ್ತಾರಲ್ಲ. ಲಾಂಗರ್ ಇಳಿದು, ಒಳಗೆ ಬಾರದೆ, ಗೇಟಿನ ಕಂಬದ ಮರೆಯಲ್ಲೇ ಟೋಪಿ ಕಣ್ಣಿನ ತನಕ ಎಳೆದುಕೊಂಡು ನಿಂತರು.

ಕೆಲೆಮೆನ್ ಗುಂಡಿಯ ಅಂಚಿನಲ್ಲಿ ಮೊಣಕಾಲೂರಿದ. ಫೆಲ್ಡ್‌ಹೌಸ್ ಹೇಳಿದ್ದನ್ನೆಲ್ಲ, ಒಂದೂ ಬಿಡದೆ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ.

"ಅವರು ಹೇಳಿದ್ರೆ ಎರಡನ್ನೂ ಹೇಳ್ತಾರೆ. ಗೆದ್ದಿದ್ದ ಅನ್ನೋದನ್ನೂ, 'ನಾಳೆ ರಾತ್ರಿ ಇಲ್ಲಿರೋದಿಲ್ಲ' ಅಂದಿದ್ದನ್ನೂ. ಬೇಡ ಅಂದ್ರೆ ಬೇಡ. ನೀವು ಹೇಳಿದ ಹಾಗೆ."

ಬ್ಲೂಮಾ ಮುಖ ಎತ್ತಿದಳು. ಅದರಲ್ಲಿ ಅವನು ಎಣಿಸಿದ್ದ ದುಃಖ ಇರಲಿಲ್ಲ.

"ಕಣ್ಣಲ್ಲಿ ನೀರಿತ್ತಂತಾ?"

"ಹೌದಂತೆ."

"ಸಿಕ್ಕಿಬಿಟ್ಟಿದ್ದಾನೆ," ಎಂದಳು.

"ಯಾರು?"

"ನನ್ನ ಗಂಡ, ಯೋಯಿಲ್." ಅವಳು ಮುಷ್ಟಿಯಲ್ಲಿ ಮಣ್ಣು ಹಿಡಿದಳು. "ಮದುವೆಯಾದ ವರ್ಷವೇ ಬಿಟ್ಟು ಓಡಿಹೋದ. ನಮ್ಮ ಕಟ್ಟಳೇಲಿ ಅವನ ಕೈಯಾರೆ ಬಿಡುಗಡೆ ಕೊಡೋ ತನಕ ನಾನು ಅವನ ಹೆಂಡತಿಯೇ. ಇನ್ನೊಂದು ಮದುವೆ ಇಲ್ಲ, ಮಕ್ಕಳಿಲ್ಲ. ಬದುಕಿದ್ದಾನೋ ಸತ್ತಿದ್ದಾನೋ ಗೊತ್ತಿಲ್ಲದೆ ಮುದುಕಿ ಆಗ್ತಿದ್ದೀನಿ. ಆಗ ನಾಫ್ತಾಲಿ ಮೊಣಕಾಲುದ್ದದ ಹುಡುಗ. ದೊಡ್ಡವನಾದ ಮೇಲೆ ಯಾವ ಊರಿಗೆ ಆಡೋಕೆ ಹೋದ್ರೂ ಅಲ್ಲಿ ಅವನನ್ನೇ ಹುಡುಕ್ತಿದ್ದ. ಪ್ಯಾರಿಸ್ಸಲ್ಲಿ ಹುಡುಕಿದ, ಪೀಟರ್ಸ್‌ಬರ್ಗಲ್ಲಿ ಹುಡುಕಿದ. ಲೋಕದೋರು ಬಹುಮಾನಕ್ಕೆ ಆಡ್ತಾನೆ ಅಂದ್ಕೊಂಡಿದ್ರು. 'ಸಿಕ್ಕಿದ ದಿನ ಆಟ ಗೀಟ ಎಲ್ಲ ಬಿಟ್ಟು, ಅವನ ಕಾಲರ್ ಹಿಡಿದು, ರೈಲು ಹತ್ತಿಸಿ ನಿನ್ನ ಮುಂದೆ ತಂದು ನಿಲ್ಲಿಸ್ತೀನಿ ಅಕ್ಕಾ' ಅಂತಿದ್ದ. ಶನಿವಾರ ರಾತ್ರಿ ಅವನು ಸಾಯೋನಿರಲಿಲ್ಲ ರೆಬ್ ಕ್ಲೈನ್. ವಿಯೆನ್ನಾಕ್ಕೆ, ನನ್ನ ಹತ್ರ ಬರೋನಿದ್ದ."

ಕೆಲೆಮೆನ್‌ಗೆ ತಲೆ ತಾನಾಗಿ ಗುಂಪಿನೊಳಗಿದ್ದ ಡಾಕ್ಟರ ಕಡೆ ತಿರುಗಿತು.

"ಹೇಳ್ಲಿ ಅವರು," ಎಂದಳು ಬ್ಲೂಮಾ. "ಗಟ್ಟಿಯಾಗಿ ಹೇಳ್ಲಿ. ಎಲ್ಲಾನೂ ಹೇಳ್ಲಿ."

ಕೆಲೆಮೆನ್ ಎದ್ದು ತಲೆಯಾಡಿಸಿದ. ಫೆಲ್ಡ್‌ಹೌಸ್ ಗುಂಪಿನಿಂದ ಎರಡು ಹೆಜ್ಜೆ ಮುಂದೆ ಬಂದ. ಟೋಪಿ ತೆಗೆದ. ಸೈನಿಕನ ಹಾಗೆ ನೆಟ್ಟಗೆ ನಿಂತ.

"ಮಹನೀಯರೇ, ಶುಕ್ರವಾರದ ಆಟವನ್ನ ನಾನು ಸೋತೆ. ಅವತ್ತೇ ಅವರ ಕೈ ಕುಲುಕಿ ಒಪ್ಪಿಕೊಂಡೆ. ಅವರು ಅರ್ಧ ಮುಗಿಸಿದ್ರು. ಅವರ ಗೆಲುವುಗಳೆಲ್ಲ ಅವರವೇ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ಹಾಗಾದ್ರೆ ರದ್ದು ಅಂತ ಹೇಳಿದ್ದು ಯಾರು?" ಎಂದು ಒಬ್ಬ ಕೂಗಿದ. "ನಮ್ಮನ್ನೇನು ಕಳ್ಳರು ಅಂದ್ಕೊಂಡಿದ್ದಾರಾ?" ಎಂದ ಇನ್ನೊಬ್ಬ. ಕಾಲಿನಾ ಕೈಯಲ್ಲಿದ್ದ ಕಾಗದವನ್ನು ಮಡಚತೊಡಗಿದ.

"ಅವತ್ತೇ ನಿರ್ದೇಶಕರಿಗೂ ತಿಳಿಸಿದ್ದೆ," ಫೆಲ್ಡ್‌ಹೌಸ್ ಮುಂದುವರಿಸಿದ. "ಶೋರ್ ನನಗೆ ಇನ್ನೊಂದು ಮಾತು ಹೇಳಿದ್ರು. ಅದನ್ನೂ ನಿರ್ದೇಶಕರಿಗೆ ಹೇಳಿದ್ದೆ. ನಾಳೆ ರಾತ್ರಿ..."

"ಡಾಕ್ಟರ್ ಫೆಲ್ಡ್‌ಹೌಸ್!"

ಲಾಂಗರ್ ಕೂಗಿದ್ದರು. ಆ ಮನುಷ್ಯ ದನಿ ಎತ್ತಿದ್ದನ್ನು ಲಿಂಡೆನ್‌ಬಾಡ್‌ನಲ್ಲಿ ಯಾರೂ ಕೇಳಿರಲಿಲ್ಲ. ಗೇಟಿನ ಕಂಬದ ಮರೆಯಿಂದ ಅದು ಸೀಳಿಕೊಂಡು ಬಂತು. "ಸಾಕು! ಬಾಯಿ ಮುಚ್ಚಿ! ಇದು ಸ್ಮಶಾನ, ಸಂತೆ ಅಲ್ಲ!"

ಗುಂಡಿಯೊಳಗಿಂದ ಎರಡು ಕೈ ಮೇಲೆ ಬಂದವು. ಬ್ಲೂಮಾ ಅಂಚಿನ ಹಸಿ ಮಣ್ಣು ಹಿಡಿದು, ಜಾರಿ, ಮತ್ತೆ ಹಿಡಿದು, ಯಾರ ಆಸರೆಯೂ ಇಲ್ಲದೆ ಹತ್ತಿ ಬಂದಳು. ಲಂಗದ ತುಂಬ ಮಣ್ಣು. ಅವಳ ಮುಖ ನೋಡಿ ಜಲ್ಮನ್ ಹಿಂದಕ್ಕೆ ಸರಿದ.

"ಆ ದನಿ ಯಾರದು?"

"ನಿರ್ದೇಶಕರದು," ಎಂದ ಕೆಲೆಮೆನ್. "ಲಾಂಗರ್."

ಲಾಂಗರ್ ಆಗಲೇ ಬೆನ್ನು ತಿರುಗಿಸಿ ಸಾರೋಟಿನ ಕಡೆ ಹೊರಟಿದ್ದರು. ಬ್ಲೂಮಾ ಆ ಬೆನ್ನನ್ನೇ ನೋಡಿದಳು; ಆ ನಡಿಗೆಯನ್ನು, ಎಡಗಡೆಗೆ ತುಸುವೇ ಇಳಿದ ಹೆಗಲನ್ನು. ಎರಡು ಹೆಜ್ಜೆ ಮುಂದೆ ಬಂದು ಕೂಗಿದಳು.

"ಯೋಯಿಲ್!"

ಎಲ್ಲರೂ ತಿರುಗಿದರು. ಮಾಸ್ಟರುಗಳು ತಿರುಗಿದರು, ಕಾಲಿನಾ ತಿರುಗಿದ, ಸಾರೋಟಿನ ಮೇಲೆ ಕೂತಿದ್ದ ಗಾಡಿಯವನೂ ತಿರುಗಿ ಅವಳ ಕಡೆ ನೋಡಿದ.

ಲಾಂಗರ್ ಒಬ್ಬರು ತಿರುಗಲಿಲ್ಲ. ಸಾರೋಟಿನ ಮೆಟ್ಟಿಲ ಮೇಲೆ ಇಟ್ಟ ಕಾಲು ಇಟ್ಟಲ್ಲೇ ನಿಂತಿತ್ತು.